ಟವಲ್ ಹಿಡಿದ ಕೈ

ಭಾನುವಾರ, ಮಧ್ಯಾಹ್ನ

ಮಗಳ ಅಪ್ಪನಿಗೆ,

"ಹೊಡೆಯುವುದನ್ನು ಕಲಿಯಲು ಹತ್ತು ವರ್ಷ ಬೇಕು, ನಿಲ್ಲಿಸುವುದನ್ನು ಕಲಿಯಲು..." ನಿಮ್ಮ ತರಬೇತಿ ಕೋಣೆಯ ಗೋಡೆಯಲ್ಲಿ, ಹೊಡೆದಾಟದ ಗುರುವೂ ಸಿನಿಮಾ ಹೀರೋವೂ ಆದ ಗಿಡ್ಡ ಮೇಷ್ಟ್ರ ಚಿತ್ರದ ಕೆಳಗೆ ಬರೆಸಿದ್ದಿರಲ್ಲ, ಆ ಸಾಲಿನ ಉಳಿದರ್ಧ ನೆನಪಾಗುತ್ತಿಲ್ಲ. ಇನ್ನೂ ಹತ್ತು ವರ್ಷ ಎಂದಿತ್ತೋ, ಒಂದು ಜನ್ಮ ಎಂದಿತ್ತೋ? ಯಾವುದಿದ್ದರೂ ನಿಲ್ಲಿಸುವ ಕೆಲಸವನ್ನು ವರ್ಷಗಳಲ್ಲಿ ಅಳೆಯಬಹುದೇ ಎಂಬ ಅನುಮಾನ ನನಗೆ.

ಹನ್ನೊಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಮಗಳ ತೋಳು ಈಗ ಪೂರ್ತಿ ಚಾಚುತ್ತದೆ. ಜಡೆ ತಾನೇ ಹಾಕಿಕೊಳ್ಳುತ್ತಾಳೆ. ನಿನ್ನೆ ನಿಮ್ಮ ಶಾಲೆಯ ಅರ್ಜಿ ತಂದು, ನಾನು ಓದುತ್ತಿದ್ದ ಪುಸ್ತಕದ ಮೇಲೇ ಇಟ್ಟಳು. ಮತ್ತೆ ಸ್ಪರ್ಧೆಗೆ ಇಳಿಯುತ್ತಾಳಂತೆ. ಇನ್ನೂ ಹದಿನೇಳಾದ್ದರಿಂದ ನನ್ನ ಸಹಿ ಬೇಕು. "ಬೇಡ ಅನ್ನೋದಾದ್ರೆ ಸರಿಯಾದ ಕಾರಣ ಹೇಳಮ್ಮ. ಅಪ್ಪನ ಮೇಲಿನ ಸಿಟ್ಟೆಲ್ಲಾ ನಡೆಯಲ್ಲ" ಎಂದಳು. ನನ್ನ ಬಳಿ ಇರುವ ಕಾರಣವನ್ನು ಅವಳಿಗೆ ಹೇಳುವಂತಿಲ್ಲ. ಅದಕ್ಕೇ ಮೊದಲು ನಿಮಗೆ ಬರೆಯುತ್ತಿದ್ದೇನೆ.

ಮದುವೆಯಾದ ಹೊಸತರಲ್ಲಿ ನೀವು ಕರೆದುಕೊಂಡು ಹೋದ ಮೊದಲ ಸಿನಿಮಾ ಗಿಡ್ಡ ಮೇಷ್ಟ್ರದೇ. ಕೊನೆಯ ಹೊಡೆತ ಕೊಟ್ಟ ಮೇಲೆ ಆ ಮನುಷ್ಯ ತನ್ನ ಮುಷ್ಟಿಯನ್ನೇ ಊದಿಕೊಂಡು ಮುಖ ಕಿವುಚಿದ. ಥಿಯೇಟರಿಗೆ ಥಿಯೇಟರೇ ನಕ್ಕಿತು, ನಾನೂ ನಕ್ಕೆ. ನೀವು ಮಾತ್ರ ನಗಲಿಲ್ಲ. "ಹೊಡೆದವನಿಗೂ ನೋವಾಗುತ್ತೆ ಅಂತ ತೋರಿಸಿದ ಮೊದಲನೇ ಹೀರೋ ಕಣೇ ಇವನು" ಎಂದಿರಿ. ಒದೆಯೋದಕ್ಕೂ ಒಂದು ಶಾಲೆ ಬೇಕೇನ್ರೀ ಎಂದು ನಾನು ಹಂಗಿಸಿದರೆ, ಕವಿತೆ ಓದೋರಿಗೆ ಕೈಕಾಲು ಇರಲ್ವಾ ಎಂದು ನೀವು ಚುಚ್ಚುತ್ತಿದ್ದಿರಿ. ನನ್ನ ಪಾಲಿಗೆ ಆತ ಗಾಳಿಯಲ್ಲಿ ಕಾಲೆತ್ತುವ ಸಿನಿಮಾದವನು, ಅಷ್ಟೇ.

ಮೇಷ್ಟ್ರು ತಮ್ಮ ಬಗ್ಗೆ ಬರೆದುಕೊಂಡ ಪುಟ್ಟ ಪುಸ್ತಕವನ್ನು ಈ ವಾರ ಗ್ರಂಥಾಲಯದಲ್ಲಿ, ನನ್ನ ಕೆಲಸದ ಮೇಜಿನಲ್ಲೇ ಕೂತು ಓದಿದೆ. ಗುರುಗಳು ತಮ್ಮವರಿಗೆ ಮಾತ್ರ, ಅದೂ ಬಾಗಿಲು ಹಾಕಿಕೊಂಡು ಕಲಿಸುತ್ತಿದ್ದ ಕಾಲದಲ್ಲಿ ಅವರು ತಮ್ಮ ಕೋಣೆಯ ಬಾಗಿಲನ್ನೇ ಕಳಚಿ ಹಿತ್ತಲಿಗೆ ಒರಗಿಸಿದರಂತೆ. ಹೆಣ್ಣುಮಕ್ಕಳು ಬಂದರು, ಕುಂಟುವವರು ಬಂದರು, ಆಚೆ ಬೀದಿಯ ಎದುರಾಳಿಗಳ ಮಕ್ಕಳೂ ಬಂದರು. ಅದಕ್ಕಾಗಿ ಮೇಷ್ಟ್ರು ಸ್ವಂತ ಗುರುವಿನ ಶಿಷ್ಯರಿಂದಲೇ ಪೆಟ್ಟು ತಿಂದರು. ಇಂಥ ಮುಖಕ್ಕೆ, ಇಂಥ ಎತ್ತರಕ್ಕೆ ಹೀರೋ ಪಾತ್ರ ಇಲ್ಲ ಎಂದ ನಿರ್ಮಾಪಕರಿಗೆ, ಹಾಗಾದರೆ ಕ್ಯಾಮೆರಾವನ್ನೇ ಸ್ವಲ್ಪ ಕೆಳಗಿಡಿ ಎಂದರಂತೆ. ಓದುತ್ತಾ ಒಬ್ಬಳೇ ನಕ್ಕೆ.

ಆಮೇಲೆ ಟವಲಿನ ಅಧ್ಯಾಯ ಬಂತು.

ಕಣದೊಳಕ್ಕೆ ಟವಲ್ ಎಸೆದರೆ ಪಂದ್ಯ ಅಲ್ಲಿಗೆ ನಿಲ್ಲುತ್ತದೆ, ಎಸೆದವರ ಕಡೆಯವರು ಸೋತಂತೆ. ಮೇಷ್ಟ್ರ ತಮ್ಮನ ಪಂದ್ಯದಲ್ಲಿ ಅದು ಅವರ ಗುರುವಿನ ಕೈಯಲ್ಲಿತ್ತು. ಶಾಲೆಯ ಮಾನ ಹೋಗುತ್ತದೆಂದು ಗುರು ಎಸೆಯಲಿಲ್ಲ. ತಮ್ಮನ ಒಂದು ಕಣ್ಣು ಹೋಯಿತು. ಅಂದಿನಿಂದ ಮೇಷ್ಟ್ರು ತಮ್ಮ ಶಾಲೆಯಲ್ಲೊಂದು ನಿಯಮ ಮಾಡಿದರು: ಗೆಲ್ಲಬೇಕೆಂದು ಆಸೆಪಡುವವರು ಟವಲ್ ಹಿಡಿಯಕೂಡದು, ಪಂದ್ಯ ಮುಗಿದ ಮೇಲೆ ಆ ಮಗುವಿಗೆ ಊಟ ಬಡಿಸುವವರು ಹಿಡಿಯಬೇಕು.

ಅದೇ ನಿಯಮದ ಪ್ರಕಾರ ಮಗಳ ಪಂದ್ಯದ ದಿನ ನೀವು ಟವಲನ್ನು ನನ್ನ ಕೈಗೆ ಕೊಟ್ಟಿರಿ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲ.

ಎದುರಾಳಿ ಹುಡುಗಿ ಮಗಳ ತೋಳನ್ನು ತನ್ನ ಮೊಣಕಾಲಿನಡಿ ಸಿಕ್ಕಿಸಿಕೊಂಡಿದ್ದಳು. ಮಗಳ ಮುಖ ಚಾಪೆಗೆ ಒತ್ತಿತ್ತು. ಸಾಕು ಎಂದು ಚಾಪೆ ತಟ್ಟುವ ಹುಡುಗಿಯಲ್ಲ ಅವಳು, ನಿಮಗೇ ಗೊತ್ತು. ನೀವು ನನ್ನ ಕಡೆ ತಿರುಗಿ, "ಎಸಿ, ಎಸಿಯೇ" ಎಂದಿರಿ. ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಹನ್ನೊಂದು ತಿಂಗಳು ನನಗೆ ನಾನೇ ಹೇಳಿಕೊಂಡೆ. ಕೇಳಿಸಿತ್ತು. ನನ್ನ ಹಿಂದಿನ ಸಾಲಿನಲ್ಲಿ ಯಾರೋ, "ಕೋಚ್ ಮನೆ ಹುಡುಗಿ, ಬಿಟ್ಟುಕೊಡಲ್ಲ ನೋಡಿ" ಎಂದರು. ಆ ಮಾತಿಗೆ ನನ್ನೆದೆ ಉಬ್ಬಿತು. ಜೀವಮಾನವೆಲ್ಲ ನಿಮ್ಮ ಗೆಲುವುಗಳನ್ನು ಗೇಲಿ ಮಾಡಿದವಳು ಟವಲನ್ನು ಮುಷ್ಟಿಯಲ್ಲಿ ಹಿಂಡಿ, ಇನ್ನೊಂದು ಚೂರು ತಡ್ಕೋ ಕಂದಾ ಎನ್ನುತ್ತಿದ್ದೆ. ಆಮೇಲೆ ಆ ಸದ್ದು ಕೇಳಿತು.

ಊಟ ಬಡಿಸುವವರಿಗೆ ಗೆಲ್ಲುವ ಆಸೆ ಇರುವುದಿಲ್ಲ ಎಂದುಕೊಂಡದ್ದು ಮೇಷ್ಟ್ರ ದೊಡ್ಡತನ. ನನ್ನಂಥವಳನ್ನು ಅವರು ಕಂಡಿರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೆದುರು ನಿಮ್ಮ ಅಂಗಿ ಹಿಡಿದು, ಮಗಳ ಕೈ ಮುರಿಸಿಬಿಟ್ರಲ್ಲ ಎಂದು ಕಿರುಚಿದೆ. ನೀವು ಸುಮ್ಮನೆ ನಿಂತಿರಿ. ವಿಚಾರಣೆಗೆ ಬಂದ ಸಮಿತಿಯವರಿಗೆ, "ಟವಲ್ ನನ್ನ ಹತ್ತಿರವೇ ಇತ್ತು" ಎಂದು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡಿರಿ. ಆರು ತಿಂಗಳು ನಿಮ್ಮ ಶಾಲೆ ಮುಚ್ಚಿಸಿದರು, ಅರ್ಧದಷ್ಟು ಮಕ್ಕಳು ಬಿಟ್ಟು ಹೋದರು. ನಾನು ಮಗಳನ್ನು ಕರೆದುಕೊಂಡು ಈ ಎರಡು ಕೋಣೆಯ ಮನೆಗೆ ಬಂದೆ. ನಿಮ್ಮ ಮೌನವನ್ನು ತಪ್ಪಿತಸ್ಥನ ಮೌನ ಎಂದು ಹೇಳಿಕೊಂಡು ಬದುಕುವುದು ನನಗೆ ಅನುಕೂಲವಾಗಿತ್ತು.

ಗಿಡ್ಡ ಮೇಷ್ಟ್ರು ನಿಮಗೇಕೆ ಆದರ್ಶ ಎಂದು ಇಪ್ಪತ್ತು ವರ್ಷ ಕೇಳಿದ್ದೇನೆ. ನೀವು ಪ್ರತಿಸಲವೂ ಆತನ ಒದೆತಗಳನ್ನೇ ವರ್ಣಿಸಿದಿರಿ. ಉತ್ತರ ನನಗೆ ಸಿಕ್ಕಿದ್ದು ಆ ಮೊಗಸಾಲೆಯಲ್ಲಿ. ಅದನ್ನು ಉತ್ತರವೆಂದು ಗುರುತಿಸಲು ಇಷ್ಟು ತಿಂಗಳು ಹಿಡಿಯಿತು. ಪೆಟ್ಟು ಬಿದ್ದವರಿಗೆ ಅಡ್ಡಲಾಗಿ ನಿಲ್ಲುವುದನ್ನು ನೀವು ಅವರಿಂದ ಕಲಿತಿದ್ದಿರಿ. ಅವತ್ತು ನನಗೂ ಪೆಟ್ಟು ಬಿದ್ದಿತ್ತು ಎಂದು ನಿಮಗೆ ಹೇಗೆ ತಿಳಿಯಿತೋ.

ಮಗಳಿಗೆ ಇದಾವುದೂ ಗೊತ್ತಿಲ್ಲ. ಅವಳು ನಂಬಿರುವುದು ಸಮಿತಿಯವರು ಬರೆದದ್ದನ್ನು. ಹೇಳಿದರೆ ಅವಳು ಮತ್ತೆ ನನ್ನ ಕೈಯಿಂದ ತಟ್ಟೆ ಇಸಿದುಕೊಳ್ಳುತ್ತಾಳೋ ಇಲ್ಲವೋ ಎಂಬ ಹೆದರಿಕೆ ನನಗೆ. ಹೇಳದೆ ಸಹಿ ಹಾಕಿದರೆ ಅವಳು ನಿಮ್ಮ ಮುಂದೆ ತಪ್ಪು ತಿಳಿದುಕೊಂಡೇ ನಿಲ್ಲುತ್ತಾಳೆ. ನಾಳೆ ಬೆಳಗ್ಗೆ ಹೇಳುತ್ತೇನೆ. ಹೀಗೆ ಬರೆದುಬಿಟ್ಟರೆ ಹಿಂದೆ ಸರಿಯಲಾರೆ ಎಂದೇ ಬರೆಯುತ್ತಿದ್ದೇನೆ.

ಅರ್ಜಿಗೆ ಸಹಿ ಹಾಕಿದ್ದೇನೆ. "ಟವಲ್ ಹಿಡಿಯುವವರು" ಎಂಬ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಬೇರೆ ಯಾರದಾದರೂ ಹೆಸರು ಬರೆಯಿರಿ.

ಕ್ಷಮಿಸಿ ಎಂದು ಕೇಳಲು ಬಾಯಿಲ್ಲದ,
ನಿಮ್ಮ ಮಗಳ ಅಮ್ಮ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಮೇಲಿನ ಮನೆಯ ಹೊಲಿಗೆಯಾಕೆ. ಮಗಳು ತನ್ನ ಪಂದ್ಯದ ಅಂಗಿಯನ್ನು ಅವರಿಗೆ ಕೊಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಆಕೆ ಹೊಸ್ತಿಲಾಚೆಯೇ ನಿಂತು ಅಂದದ್ದನ್ನು ಹಾಗೇ ಬರೆಯುತ್ತೇನೆ: "ತಗೋಮ್ಮ, ತೋಳು ಒಂದಿಂಚು ಬಿಟ್ಟಿದೀನಿ. ಯಾರು ಬರ್ತಾರೆ ಜೊತೆಗೆ ಅಂತ ಕೇಳಿದ್ದಕ್ಕೆ, ಟವಲ್ ಹಿಡಿಯೋಕೆ ಅಮ್ಮನೇ ಬರ್ಬೇಕು ಆಂಟಿ, ಹೋದ ಸಲಾನೂ ಅಮ್ಮನ ಕೈಲೇ ಇತ್ತು, ಪಾಪ ಎಸಿಯೋಕೆ ಆಗ್ಲಿಲ್ಲ, ಈ ಸಲ ಎಸೀತಾಳೆ ಅಂದ್ಲು ನಿನ್ನ ಮಗಳು. ಅದೇನು ಟವಲ್ಲೋ ನಂಗೆ ಅರ್ಥ ಆಗ್ಲಿಲ್ಲ. ಅದರ ಅಂಚು ಹೊಲಿಯೋದಿದ್ರೆ ಈಗ್ಲೇ ಕೊಡು, ಮಿಷನ್ ಇನ್ನೂ ಮುಚ್ಚಿಲ್ಲ."