ನಾಲ್ಕನೆಯ ಸ್ಕ್ರೂ

ಇಳಕಲ್, ಫೆಬ್ರುವರಿ ೧೯೮೪

ತಮ್ಮ ಮಲಕಪ್ಪನಿಗೆ ಹುಲ್ಲಪ್ಪಣ್ಣನ ಆಶೀರ್ವಾದ.

ನೀನು ಹೋಗಿ ಆರು ವರ್ಷವಾಯಿತು. ಇಂದು ನಿನ್ನ ಮಗಳು ಬೋರವ್ವ ಕಟ್ಟಿಗೆ ತಿರುಗಿಸಿ ಕಡೆಯುವ ನಿನ್ನ ಲೇಥ್ ಮುಂದೆ ನಿಂತಳು. ಕಟ್ಟಿಗೆಯನ್ನು ಹಿಡಿಸುವುದೇ ಮೊದಲ ಪಾಠ ಎಂದೆ. ಲಟ್ಟಣಿಗೆಯಂಥ ಉದ್ದನೆಯದನ್ನು ಎರಡು ಮೊನೆಗಳ ನಡುವೆ ಬಿಗಿಯಬೇಕು, ಬಟ್ಟಲಿನಂಥ ಅಗಲದ್ದನ್ನು ಕಬ್ಬಿಣದ ತಟ್ಟೆಗೆ ಸ್ಕ್ರೂ ಹಾಕಿ ಕೂರಿಸಬೇಕು. ಇಷ್ಟು ಹೇಳಿ, ಉಳಿ ಮಸೆಯಲು ಆಚೆ ತಿರುಗಿದೆ.

ಮರಳಿ ನೋಡಿದರೆ ಬೇವಿನ ತುಂಡಿಗೆ ನಾಲ್ಕನೆಯ ಸ್ಕ್ರೂ ಬಿಗಿಯುತ್ತಿದ್ದಳು.

"ನಾಲ್ಕು ಯಾಕವ್ವಾ?"

"ನೀವ ಹೇಳಿದ್ರಲ್ರೀ ದೊಡ್ಡಪ್ಪ! ಎರಡು ಸಾಲೂದಿಲ್ಲ, ತುಂಡು ಹಾರಿ ಹಣಿಗೆ ಬಡಿತೈತಿ ಅಂತ ಕಿವಿ ಹತ್ರ ಬಂದು ಹೇಳಿದ್ರಿ. ಲವಂಗದ ವಾಸನಿ ಬ್ಯಾರೆ. ಯಾವಾಗಿಂದ ತಿನ್ನಾಕ ಹತ್ತೀರಿ?"

ನಾನು ಲವಂಗ ಮುಟ್ಟುವವನಲ್ಲ, ಅದನ್ನು ಸದಾ ಅಗಿಯುತ್ತಿದ್ದವನು ನೀನು. ತುಂಡು ಹಾರಿ ನಿನ್ನ ಜೀವ ತೆಗೆದ ಆ ದಿನ "ಎರಡು ಸಾಕಲೇ, ಲಗೂ ಮುಗಸು" ಎಂದವರು ಯಾರೆಂಬುದು ನಮ್ಮಿಬ್ಬರಿಗೇ ಗೊತ್ತು.

"ಚಾಲೂ ಮಾಡ್ಲೇನ್ರಿ?" ಎಂದು ಅವಳು ಕೇಳಿದಳು.

ನಾನು ಉಳಿ ಕೆಳಗಿಟ್ಟು ಹಿಂದೆ ಸರಿದೆ. ನೀನೇ ಹೇಳು ಎಂದು ಕಾದೆ.

ಸ್ವಲ್ಪ ಹೊತ್ತಿಗೆ ಅವಳು ಪಕ್ಕಕ್ಕೆ ಕಿವಿಗೊಟ್ಟು "ಹೂಂರಿ" ಎಂದು ತಲೆಯಾಡಿಸಿ ಬಟನ್ ಒತ್ತಿದಳು.