ನಲ್ಲಿಗೆ ಕಟ್ಟಿದ ದಾರ

ಇವಳೇ,

ಅಡುಗೆಮನೆಯ ನಲ್ಲಿ ಇವತ್ತು ರಿಪೇರಿಯಾಯಿತು. ನಗಬೇಡ, ನಾನೇ ಮಾಡಿದ್ದು. ನೀನು ಹೇಳಿ ಹೇಳಿ ಸಾಕಾಗಿ ಸುಮ್ಮನಾದ ಮೇಲೆ ಅದರ ಟಪ್ ಟಪ್ ಸದ್ದೂ ನಿಂತಿತ್ತಲ್ಲ? “ನೋಡಿದ್ಯಾ, ತಾನಾಗೇ ಸರಿಹೋಯ್ತು” ಎಂದು ಬೀಗಿದ್ದೆ.

ನೀನು ಕಣ್ಣು ಮುಚ್ಚಿದ ಮೇಲೆ ಸದ್ದು ಮತ್ತೆ ಶುರುವಾಯಿತು. ಸ್ಪ್ಯಾನರ್ ಹಿಡಿದು ಬಗ್ಗಿ ನೋಡಿದರೆ ನಲ್ಲಿಯ ಬಾಯಿಗೆ ಕಟ್ಟಿದ ದಾರವೊಂದು ನೆನೆದು ನೆನೆದು ಹರಿದುಹೋಗಿತ್ತು.

“ಅಮ್ಮ ಕಟ್ಟಿದ್ದು ಅಪ್ಪಾ. ನೀರು ದಾರ ಹಿಡ್ಕೊಂಡು ಸದ್ದಿಲ್ದೆ ಇಳಿಯುತ್ತೆ, ನಿನ್ನ ನಿದ್ದೆ ಕೆಡಲ್ಲ ಅಂತ,” ಎಂದಳು ಮಗಳು.

ಸವೆದ ವಾಷರ್ ತೆಗೆದು ಹೊಸದು ಹಾಕಿದೆ. ಅವಳು ಕೊಟ್ಟ ಟೀ ಆರುವ ಮೊದಲೇ ಕೆಲಸ ಮುಗಿದಿತ್ತು.

“ಇಷ್ಟೇನಾ ಅಪ್ಪಾ?” ಎಂದಳು.

ಒಣಗಿದ ಕೈಯನ್ನೇ ಒರೆಸಿಕೊಳ್ಳುತ್ತಾ ನಿಂತೆ.