ಎಡಗೈಗೆ ಕಟ್ಟಿದ ಸೀರೆಯಂಚು

ಇಳಕಲ್ಲ
೧೪ ನವೆಂಬರ್ ೨೦೨೪

ಮಗನೇ ಪ್ರಭು, ಬಾದಾಮಿಯಲ್ಲಿ ನೀವು ಮೂವರೂ ಚೆನ್ನಾಗಿರಿ ಎಂದು ನಿನ್ನ ಅವ್ವನ ಆಶೀರ್ವಾದ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದು ಹಾಕುವ ಮೊದಲು ಒಂದು ಸಲ ಓದಿಯೇ ಓದುತ್ತೀ ಎಂದು ಬರೆಯುತ್ತಿದ್ದೇನೆ. ನಾನು ಆರಾಮ ಇದ್ದೇನೆ. ಮಗ್ಗ ಮಾತ್ರ ಶ್ರಾವಣದಿಂದ ನಿಂತಿದೆ. ವಯಸ್ಸಾಯಿತಲ್ಲ, ಕೈ ಸ್ವಲ್ಪ ಸೋತಿದೆ, ಅಷ್ಟೇ. ಪಕ್ಕದ ಮನೆಯ ಜರೀನಾ ರೊಟ್ಟಿ ಬಡಿದು ಕೊಡುತ್ತಾಳೆ.

ಯುಗಾದಿಯ ಆ ಮಧ್ಯಾಹ್ನ ಮರೆಯಲಾಗುತ್ತಿಲ್ಲ. ನಿನ್ನ ಮಗಳು ಸುಶ್ಮಿತಾ ಎಡಗೈಯಲ್ಲಿ ಹೋಳಿಗೆ ಮುರಿದಳು, ನಾನು ಆ ಪುಟ್ಟ ಕೈ ಮೇಲೆ ಪಟ್ಟನೆ ಹೊಡೆದೆ. ನೀನು ಅವಳನ್ನು ಎತ್ತಿಕೊಂಡು, "ನನ್ನ ಕೈ ಕಟ್ಟಿದ್ದು ಸಾಲಲಿಲ್ಲೇನಬೇ? ಇಕೀದೂ ಕಟ್ತೀಯೇನ?" ಎಂದು ಹೊರಟೇಹೋದೆ. ಊಟದ ತಾಟುಗಳು ಹಾಗೇ ಉಳಿದವು.

ಹೌದು, ಕಟ್ಟಿದೆ. ನೀನು ಏಳು ವರ್ಷದವನು. ಹಳೆಯ ಸೀರೆಯಂಚಿನಿಂದ ನಿನ್ನ ಎಡಗೈಯನ್ನು ಮಗ್ಗದ ಕಂಬಕ್ಕೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದೆ. ಸೀರೆಯ ಮೈಗೆ ಸೆರಗಿನ ಎಳೆ ಜೋಡಿಸುವಾಗ ಎಡಗೈಯವರು ಹೊಸೆದದ್ದು ಬಿಚ್ಚಿಕೊಳ್ಳುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ತಂದೆ ಇಲ್ಲದ ಹುಡುಗ, ನಾಳೆ ಯಾರೂ ಮಗ್ಗಕ್ಕೆ ಕೂರಿಸಿಕೊಳ್ಳದಿದ್ದರೆ ಏನು ಗತಿ ಎಂದು ನನಗೆ ಹೆದರಿಕೆ. ನೀನು ಬಲಗೈಯಲ್ಲಿ ಅನ್ನ ಚೆಲ್ಲುತ್ತ ಅಳುತ್ತಿದ್ದೆ. ನಾನೂ ಅಳುತ್ತಿದ್ದೆ ಕಣೋ. ನಿನಗೆ ಕೇಳಬಾರದೆಂದು ಮಗ್ಗದ ಲಾಳಿಯನ್ನು ಸದ್ದಾಗುವ ಹಾಗೆ ಜೋರಾಗಿ ಎಸೆಯುತ್ತಿದ್ದೆ. ಕಡೆಗೆ ನೀನು ಮಗ್ಗವನ್ನು ಮುಟ್ಟಲೇ ಇಲ್ಲ, ಮೋಟಾರು ರಿಪೇರಿ ಕಲಿತೆ.

ಹೋದ ವಾರ ನಿಂತ ಮಗ್ಗದ ಮುಂದೆ ಕುಳಿತು, ಎಡಗೈಯಲ್ಲೇ ನಾಲ್ಕು ಎಳೆ ಹೊಸೆದು ಜಗ್ಗಿ ನೋಡಿದೆ. ಬಿಚ್ಚಲಿಲ್ಲ, ಪ್ರಭು. ಒಂದೂ ಬಿಚ್ಚಲಿಲ್ಲ. ಇದನ್ನು ಈಗ ಯಾರಿಗೆ ಹೇಳಲಿ? ಅತ್ತೆ ಹೋಗಿ ಇಪ್ಪತ್ತು ವರ್ಷವಾಯಿತು.

ಮಗನಿಗೆ ತಪ್ಪಾಯಿತು ಎನ್ನುವುದು ಹೇಗೋ ನನಗೆ ತಿಳಿಯದು. ಒಮ್ಮೆ ಸುಶ್ಮಿತಾಳನ್ನು ಕರೆದುಕೊಂಡು ಬಾ. ಯಾವ ಕೈಯಲ್ಲಾದರೂ ಉಣ್ಣಲಿ.

ನಿನ್ನ ಅವ್ವ,
ಲಕ್ಕವ್ವ

ತಾ.ಕ.: ಅಕ್ಷರ ಸೊಟ್ಟಗಿವೆ ಎಂದು ಬೇರೆ ಯಾರೋ ಬರೆದರೆಂದುಕೊಳ್ಳಬೇಡ. ಶ್ರಾವಣದಲ್ಲಿ ಲಕವಾ ಹೊಡೆದು ಬಲಗೈ ಹೋಯಿತು. ಜರೀನಾ ನಿನಗೆ ತಿಳಿಸುತ್ತೇನೆಂದಳು, ನಾನೇ ಆಣೆ ಹಾಕಿ ತಡೆದೆ. ಇಷ್ಟು ಬರೆಯಲು ಐದು ದಿನ ಹಿಡಿಯಿತು. ಊಟವೂ ಎಡಗೈಯಲ್ಲೇ. ಯಾರೂ ನೋಡಬಾರದೆಂದು ಕದ ಹಾಕಿಕೊಂಡು ಉಣ್ಣುತ್ತೇನೆ. ಅನ್ನ ಚೆಲ್ಲುತ್ತದೆ.